ಗಾಳಿ ಬಂದಾಗ ತೂರಿಕೊಂಡವರು ಯಾರು?

ಹಿರಿಯೂರು ದಾಟಿ ಬಸ್ಸು ಚಿತ್ರದುರ್ಗದ ಕಡೆ ಹೊರಟರೆ ಸಾಕು, ಕಿಟಕಿ ಪಕ್ಕ ಕೂತವರ ಕೈಗೆ ಮೊಬೈಲ್ ಬರುತ್ತೆ. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತ ಬಿಳಿ ಗಾಳಿಯಂತ್ರಗಳು. ಮಕ್ಕಳು 'ಫ್ಯಾನು, ಫ್ಯಾನು' ಅಂತ ಎಣಿಸೋಕೆ ಶುರು ಮಾಡ್ತಾವೆ. ದೊಡ್ಡವರು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ತಾರೆ. ಕೋಟೆ ನೋಡೋಕೆ ಬಂದವರು ಒನಕೆ ಓಬವ್ವನ ಕಿಂಡಿ ನೋಡಿ, ಮೇಲೆ ಹತ್ತಿ, ಕೊನೆಗೆ ದೂರದ ಗಾಳಿಯಂತ್ರಗಳು ಹಿಂದೆ ಕಾಣುವ ಹಾಗೆ ಸೆಲ್ಫಿ ತಗೊಂಡು ಇಳೀತಾರೆ. ಏಳು ಸುತ್ತಿನ ಕೋಟೆಗೆ ಎಂಟನೇ ಸುತ್ತು ಬಂದ ಹಾಗಿದೆ.

ನೋಡೋಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. 'ಇದನ್ನೇ ಪ್ರವಾಸಿ ತಾಣ ಮಾಡಿದರೆ ಸ್ಥಳೀಯರಿಗೂ ಆದಾಯ, ಹಸಿರು ಇಂಧನದ ಬಗ್ಗೆ ಜನರಿಗೂ ಅರಿವು' ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಒಳ್ಳೆಯ ಮಾತೇ. ಆದರೆ ಗುಡ್ಡದ ಕೆಳಗಿನ ಒಂದು ಟೀ ಅಂಗಡಿಯಲ್ಲಿ ನಾನು ಕೇಳಿದ ಪ್ರಶ್ನೆಗೆ ಬಂದ ಉತ್ತರ ಇನ್ನೂ ಕಿವಿಯಲ್ಲಿದೆ.

"ಅಣ್ಣಾ, ಈ ಫ್ಯಾನ್‌ಗಳಿಂದ ನಿಮ್ಮೂರಿಗೆ ಏನು ಬಂತು?"

"ರೋಡ್ ಬಂತು ಸಾರ್. ಸಂಜೆ ಹೊತ್ತು ಹುಡುಗ್ರು ಬೈಕಲ್ಲಿ ಬರ್ತಾರೆ, ಫೋಟೋ ಹೊಡ್ಕೊಂಡು ಹೋಗ್ತಾರೆ. ನಾಲ್ಕು ಟೀ ಜಾಸ್ತಿ ಹೋಗ್ತವೆ."

"ಕರೆಂಟು?"

"ಅದು ಮೇಲೆ ವೈರಲ್ಲಿ ಹೋಗ್ತದಲ್ಲ ಸಾರ್, ನಮ್ಗೆಲ್ಲಿ ಇಳೀತದೆ?"

ಗಾಳಿ ಬಂದಾಗ ತೂರಿಕೋ ಅನ್ನುತ್ತೆ ನಮ್ಮ ಗಾದೆ. ಇಲ್ಲಿ ಗಾಳಿಯಂತೂ ಬಂದಿದೆ. ತೂರಿಕೊಂಡವರು ಯಾರು, ಹೊಟ್ಟು ಯಾರ ಪಾಲಿಗೆ, ಕಾಳು ಯಾರ ಪಾಲಿಗೆ? ಪ್ರವಾಸೋದ್ಯಮದ ಮಾತಿಗೂ ಮೊದಲು ಈ ಲೆಕ್ಕ ಆಗಬೇಕು. ಅದಕ್ಕೆ ಮೊದಲು, ಆ ಗುಡ್ಡದ ಮೇಲೆ ನಿಜಕ್ಕೂ ಏನು ನಡೀತಿದೆ ಅಂತ ಗೊತ್ತಿರಬೇಕು.

ಮಳೆ ಮಲೆನಾಡಿಗೆ, ಗಾಳಿ ಬಯಲುಸೀಮೆಗೆ

ನೈಋತ್ಯ ಮುಂಗಾರು ಅರಬ್ಬಿ ಸಮುದ್ರದಿಂದ ಬಂದು ಪಶ್ಚಿಮ ಘಟ್ಟಕ್ಕೆ ಬಡಿಯುತ್ತೆ. ಹೊತ್ತು ತಂದ ನೀರಿನ ಬಹುಪಾಲನ್ನು ಕರಾವಳಿ, ಮಲೆನಾಡಲ್ಲೇ ಸುರಿದುಬಿಡುತ್ತೆ. ಘಟ್ಟ ದಾಟಿ ಚಿತ್ರದುರ್ಗ, ಗದಗ, ದಾವಣಗೆರೆ, ಬಳ್ಳಾರಿ ಕಡೆ ಬರೋ ಹೊತ್ತಿಗೆ ಮೋಡದಲ್ಲಿ ನೀರು ಕಡಿಮೆ, ಗಾಳಿಯಲ್ಲಿ ಜೋರು ಮಾತ್ರ ಉಳಿದಿರುತ್ತೆ. ಬಯಲುಸೀಮೆಯ ರೈತರಿಗೆ ಇದು ತಲೆತಲಾಂತರದಿಂದ ಗೊತ್ತು. ಆಷಾಢದಲ್ಲಿ ಮೋಡ ಕಾಣುತ್ತೆ, ಗಾಳಿ ಹೊಡೆಯುತ್ತೆ, ಮಳೆ ಮಾತ್ರ ಇಲ್ಲ. ಬರಗಾಲದ ಸೀಮೆ ಅಂತ ಹೆಸರು ಬರೋಕೆ ಯಾವ ಭೂಗೋಳ ಕಾರಣವೋ, ವಿದ್ಯುತ್ ಕಂಪನಿಗಳು ಹುಡುಕಿಕೊಂಡು ಬರೋಕೂ ಅದೇ ಭೂಗೋಳ ಕಾರಣ.

ಅವರು ಗುಡ್ಡದ ನೆತ್ತಿಯನ್ನೇ ಹುಡುಕೋದು ಯಾಕೆ? ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಸೆಕೆಂಡಿಗೆ 5 ಮೀಟರ್ ಇದ್ದ ಗಾಳಿ 6 ಮೀಟರ್ ಆದರೆ ಸಾಕು, ಸಿಗುವ ಶಕ್ತಿ ಶೇ 73ರಷ್ಟು ಹೆಚ್ಚಾಗುತ್ತೆ. ಬಯಲಲ್ಲಿ ಬೀಸುತ್ತಾ ಬಂದ ಗಾಳಿ ಗುಡ್ಡದ ಏಣು ಹತ್ತುವಾಗ ಒತ್ತಿಕೊಂಡು ಜೋರಾಗುತ್ತೆ. ಆ ಒಂದೇ ಒಂದು ಮೀಟರ್ ಹೆಚ್ಚುವರಿ ವೇಗಕ್ಕಾಗಿ ಕ್ರೇನು, ಟ್ರೇಲರ್, ಸಿಮೆಂಟು ಎಲ್ಲವೂ ಗುಡ್ಡ ಹತ್ತುತ್ತವೆ.

ಎರಡನೇ ಲೆಕ್ಕ ರೆಕ್ಕೆಯದು. ರೆಕ್ಕೆಯ ಉದ್ದ ಎರಡು ಪಟ್ಟಾದರೆ ಅದು ಗುಡಿಸುವ ವೃತ್ತದ ವಿಸ್ತೀರ್ಣ ನಾಲ್ಕು ಪಟ್ಟು. 1986ರಲ್ಲಿ ಭಾರತದಲ್ಲಿ ಮೊದಮೊದಲ ಗಾಳಿ ವಿದ್ಯುತ್ ಕೇಂದ್ರಗಳು ಶುರುವಾದಾಗ ಒಂದೊಂದು ಯಂತ್ರದ ಸಾಮರ್ಥ್ಯ 55 ಕಿಲೋವ್ಯಾಟ್. ಈಗ 3,000 ಕಿಲೋವ್ಯಾಟ್, ಅಂದರೆ 3 ಮೆಗಾವ್ಯಾಟ್ ಯಂತ್ರಗಳು ಮಾಮೂಲಿ. ದೂರದಿಂದ ನೋಡುವಾಗ ಅವು ಸೋಮಾರಿಯಾಗಿ ತಿರುಗುತ್ತಿರುವ ಹಾಗೆ ಕಾಣುತ್ತೆ. 50 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 15 ಸುತ್ತು ಹಾಕುತ್ತಿದ್ದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 280 ಕಿ.ಮೀ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಹಕ್ಕಿಗಳ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಎಂಜಿನಿಯರಿಂಗ್ ಓದುವಾಗ ಬೆಟ್ಜ್ ಮಿತಿ ಅಂತ ಬಾಯಿಪಾಠ ಮಾಡಿದ್ದೆ. ಎಂಥ ಯಂತ್ರ ಮಾಡಿದರೂ ಗಾಳಿಯಲ್ಲಿರುವ ಶಕ್ತಿಯ ಶೇ 59.3ಕ್ಕಿಂತ ಹೆಚ್ಚು ಹಿಡಿಯೋಕೆ ಆಗಲ್ಲ, ಉಳಿದದ್ದನ್ನು ಮುಂದೆ ಹೋಗೋಕೆ ಬಿಡಲೇಬೇಕು. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಬಿಡುತ್ತೆ, ಹಿಂದಿನಿಂದ ಬರೋ ಗಾಳಿಗೆ ಜಾಗವೇ ಇರಲ್ಲ. ಆ ಪುಸ್ತಕದಲ್ಲಿ ಗಾಳಿ ಇತ್ತು, ರೆಕ್ಕೆ ಇತ್ತು, ಸಮೀಕರಣ ಇತ್ತು. ಗುಡ್ಡದ ಕೆಳಗಿನ ಊರು ಮಾತ್ರ ಇರಲಿಲ್ಲ.

ಒಂದು ಫ್ಯಾನು, ಎಷ್ಟು ಮನೆ?

2025ರ ಮಾರ್ಚ್ ಹೊತ್ತಿಗೆ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 50,000 ಮೆಗಾವ್ಯಾಟ್ ದಾಟಿತು. ಕರ್ನಾಟಕದ ಪಾಲು 7,300 ಮೆಗಾವ್ಯಾಟ್‌ಗೂ ಹೆಚ್ಚು. ಗುಜರಾತ್, ತಮಿಳುನಾಡು ಬಿಟ್ಟರೆ ನಾವೇ. 2024-25ರ ಒಂದೇ ವರ್ಷದಲ್ಲಿ 1,300 ಮೆಗಾವ್ಯಾಟ್‌ಗೂ ಹೆಚ್ಚು ಸೇರಿಸಿ ಆ ವರ್ಷ ದೇಶಕ್ಕೇ ಮೊದಲ ಸ್ಥಾನದಲ್ಲಿದ್ದೆವು.

ಆದರೆ ಮೆಗಾವ್ಯಾಟ್ ಅನ್ನೋದು ಯಂತ್ರದ ತಾಕತ್ತು, ದುಡಿಮೆ ಅಲ್ಲ. ಗಾಳಿ ಸೆಕೆಂಡಿಗೆ 3 ಮೀಟರ್‌ಗಿಂತ ಕಡಿಮೆ ಇದ್ದರೆ ಯಂತ್ರ ಕೆಲಸ ಶುರು ಮಾಡೋದೇ ಇಲ್ಲ. 25 ಮೀಟರ್ ಆಸುಪಾಸಿಗೆ ಬಂದರೆ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ನಿಂತುಬಿಡುತ್ತೆ. 'ಎಲ್ಲಾ ತಿರುಗ್ತಿವೆ, ಅದೊಂದು ಯಾಕೆ ನಿಂತಿದೆ?' ಅಂತ ಬಸ್ಸಲ್ಲಿ ಮಕ್ಕಳು ಕೇಳೋದುಂಟು. ಆ ಜಾಗದಲ್ಲಿ ಗಾಳಿ ಸಾಲದೇ ಇರಬಹುದು, ರಿಪೇರಿ ನಡೀತಿರಬಹುದು, ಅಥವಾ ಗ್ರಿಡ್‌ಗೆ ಆ ಹೊತ್ತಿಗೆ ಅಷ್ಟು ವಿದ್ಯುತ್ ಬೇಡವಾಗಿ 'ಕಡಿಮೆ ಮಾಡಿ' ಅಂತ ಸೂಚನೆ ಬಂದಿರಬಹುದು.

ಹಾಗಾಗಿ ವರ್ಷದ ಲೆಕ್ಕದಲ್ಲಿ, ಯಂತ್ರ ಪೂರ್ತಿ ತಾಕತ್ತಿನಲ್ಲಿ ಓಡಿದ್ದರೆ ಎಷ್ಟು ಬರ್ತಿತ್ತೋ ಅದರ ಕಾಲು ಭಾಗ ಬಂತು ಅಂತ ಇಟ್ಟುಕೊಳ್ಳೋಣ. 2 ಮೆಗಾವ್ಯಾಟ್‌ನ ಒಂದು ಯಂತ್ರ ವರ್ಷಕ್ಕೆ ಸುಮಾರು 43.8 ಲಕ್ಷ ಯೂನಿಟ್ ಕೊಡುತ್ತೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗಳಾದರೆ ಒಂದು ಯಂತ್ರ 3,650 ಮನೆಗಳಿಗೆ ಸಾಕು. ಗೃಹಜ್ಯೋತಿಯ ಗರಿಷ್ಠ ಮಿತಿಯಾದ 200 ಯೂನಿಟ್ ಪೂರ್ತಿ ಬಳಸಿದರೂ 1,825 ಮನೆ. ಅಂದರೆ ಒಂದೇ ಫ್ಯಾನು ಒಂದು ದೊಡ್ಡ ಊರನ್ನು ಸಾಕಬಲ್ಲದು. ಕಲ್ಲಿದ್ದಲು ಸುಡದೆ, ಬೂದಿ ಬಿಡದೆ, ನೀರನ್ನು ಆವಿ ಮಾಡದೆ. ಇದು ಸಣ್ಣ ವಿಷಯ ಅಲ್ಲ. ಹವಾಮಾನ ಬಿಕ್ಕಟ್ಟಿನ ಬಗ್ಗೆ ಮಾತಾಡುವ ಯಾರೂ ಗಾಳಿ ವಿದ್ಯುತ್ ಬೇಡ ಅನ್ನೋಕೆ ಆಗಲ್ಲ. ನಾನೂ ಅನ್ನುತ್ತಿಲ್ಲ.

ಇನ್ನೊಂದು ಅನುಕೂಲವೂ ಇದೆ. ನಮ್ಮಲ್ಲಿ ಗಾಳಿ ವಿದ್ಯುತ್ತಿನ ದೊಡ್ಡ ಪಾಲು ಬರೋದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೋಡ ಕವಿದು ಸೌರ ಫಲಕಗಳು ಸುಸ್ತಾಗೋ ಕಾಲವೂ ಅದೇ. ಸೂರ್ಯ ಮುಳುಗಿದ ಮೇಲೂ ಗಾಳಿ ಬೀಸುತ್ತೆ. ಒಂದು ಸುಸ್ತಾದಾಗ ಇನ್ನೊಂದು ಹೆಗಲು ಕೊಡುತ್ತೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಪಂಪ್‌ಸೆಟ್ಟುಗಳು ಒಂದೇ ಸಮ ಓಡುವಾಗ ಗಾಳಿ ಕಮ್ಮಿ. ಹಾಗಾಗಿ ಗಾಳಿಯೊಂದೇ ಸಾಲಲ್ಲ.

ಟೀ ಅಂಗಡಿಯ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಗುಡ್ಡದ ಯಂತ್ರಗಳ ವಿದ್ಯುತ್ ಮೊದಲು ಒಂದು ಸಬ್‌ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಹೆಚ್ಚು ವೋಲ್ಟೇಜಿನ ಲೈನಿಗೆ ಏರಿ, ರಾಜ್ಯದ ಗ್ರಿಡ್ ಸೇರುತ್ತೆ. ಕೆರೆಗೆ ಬಿದ್ದ ನೀರಿನ ಹಾಗೆ, ಆಮೇಲೆ ಯಾವ ಹನಿ ಯಾವ ಹಳ್ಳದ್ದು ಅಂತ ಹೇಳೋಕೆ ಬರಲ್ಲ. ಪಕ್ಕದ ಹೊಲದ ಪಂಪಿಗೆ ಸಿಗೋದು ಎಲ್ಲರಿಗೂ ಸಿಗುವ ಅದೇ 7 ಗಂಟೆಯ ತ್ರೀ ಫೇಸ್. ಗ್ರಿಡ್ ಕೆಲಸ ಮಾಡೋದೇ ಹಾಗೆ, ಅದು ಯಾರ ಮೋಸವೂ ಅಲ್ಲ. ಆದರೆ ವಿದ್ಯುತ್ ಊರಿಗೆ ನೇರವಾಗಿ ಇಳಿಯಲ್ಲ ಅಂದಮೇಲೆ ದುಡ್ಡಾದರೂ ಇಳಿಯಬೇಕಲ್ಲ? ರಾಜಕೀಯ ಶುರುವಾಗೋದು ಈ ಪ್ರಶ್ನೆಯಿಂದ.

ನೋಡೋಕೆ ಬರುವವರು

ಗಾಳಿಯಂತ್ರ ನೋಡೋಕೆ ಜನ ಬರ್ತಾರೆ ಅನ್ನೋದು ಹೊಸದೇನಲ್ಲ. ನೆದರ್ಲೆಂಡ್ಸ್‌ನ ಕಿಂಡರ್‌ಡೈಕ್‌ನಲ್ಲಿ 18ನೇ ಶತಮಾನದ 19 ಗಾಳಿಗಿರಣಿಗಳಿವೆ. ತಗ್ಗಿನ ನೆಲದಿಂದ ನೀರೆತ್ತಿ ಹೊರಹಾಕೋಕೆ ಕಟ್ಟಿದ್ದವು. 1997ರಲ್ಲಿ ಅವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕೇರಳದ ರಾಮಕ್ಕಲ್‌ಮೇಡು ಗಾಳಿಯಂತ್ರಗಳಿಗೂ ಹೆಸರಾದ ಪ್ರವಾಸಿ ತಾಣ. ಮಹಾರಾಷ್ಟ್ರದ ಸಾತಾರಾ ಬಳಿಯ ಚಾಲ್ಕೇವಾಡಿ ಪ್ರಸ್ಥಭೂಮಿಗೂ ಜನ ಕಾರು ಮಾಡಿಕೊಂಡು ಹೋಗ್ತಾರೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದ ವೈಟ್‌ಲೀ ಇದನ್ನು ಅಚ್ಚುಕಟ್ಟಾಗಿ ಮಾಡಿದ ಜಾಗ. ಅಲ್ಲಿ 215 ಯಂತ್ರಗಳಿವೆ, 539 ಮೆಗಾವ್ಯಾಟ್. 2009ರಲ್ಲಿ ಸಂದರ್ಶಕರ ಕೇಂದ್ರ ಶುರುವಾಯಿತು. ಯಂತ್ರಗಳ ನಡುವೆ ನಡೆಯೋಕೆ, ಸೈಕಲ್ ಹೊಡೆಯೋಕೆ ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿಗಳಿವೆ. ಶಾಲೆಯ ಮಕ್ಕಳು ಬಂದು ವಿದ್ಯುತ್ ಹೇಗೆ ಹುಟ್ಟುತ್ತೆ ಅಂತ ಕಲಿತು ಹೋಗ್ತಾರೆ. ನಿರ್ವಹಣೆಗೆ ಅಂತ ಹಾಕಿದ ರಸ್ತೆಯೇ ಜನರ ವಾಯುವಿಹಾರದ ದಾರಿಯಾಗಿದೆ.

'ಹಾಗಾದ್ರೆ ನಾವೂ ಮಾಡೋಣ, ಒಂದು ವ್ಯೂ ಪಾಯಿಂಟ್, ಒಂದು ಕೆಫೆ, ಒಂದು ಸೆಲ್ಫಿ ಕಟ್ಟೆ' ಅಂತ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದ ಹಾಗೆ. ಇನ್ನರ್ಧ ಡೆನ್ಮಾರ್ಕಿನಲ್ಲಿದೆ.

ಕೋಪನ್‌ಹೇಗನ್ ಬಂದರಿನಿಂದ ನೋಡಿದರೆ ಸಮುದ್ರದಲ್ಲಿ 20 ಯಂತ್ರಗಳು ಬಿಲ್ಲಿನ ಹಾಗೆ ಬಾಗಿದ ಒಂದೇ ಸಾಲಿನಲ್ಲಿ ನಿಂತಿವೆ. ಹೆಸರು ಮಿಡೆಲ್‌ಗ್ರುಂಡೆನ್. 2000ದ ಕೊನೆಗೆ ಸಿದ್ಧವಾದದ್ದು, 40 ಮೆಗಾವ್ಯಾಟ್. ಆ ನಗರದ ಪೋಸ್ಟರುಗಳಲ್ಲಿ, ಪ್ರವಾಸಿಗರ ಫೋಟೋಗಳಲ್ಲಿ ಆ ಬಿಲ್ಲು ಇದ್ದೇ ಇರುತ್ತೆ. ಆದರೆ ಮೊದಲ ಯೋಜನೆಯಲ್ಲಿ ಬಿಲ್ಲು ಇರಲಿಲ್ಲ. ಮೂರು ಸಾಲುಗಳಲ್ಲಿ 27 ಯಂತ್ರ ಹಾಕಬೇಕು ಅಂತಿತ್ತು. ಸಾರ್ವಜನಿಕ ಅಹವಾಲಿನಲ್ಲಿ ಜನ ತಕರಾರು ತೆಗೆದರು, 'ನಮ್ಮ ಊರಿನ ಎದುರಿನ ಸಮುದ್ರ ಇದು, ಹೀಗೆ ಗುಂಪು ಹಾಕಿದರೆ ಹೇಗೆ ಕಾಣುತ್ತೆ' ಅಂತ. ಯೋಜನೆ ಬದಲಾಯಿತು. 27 ಹೋಗಿ 20 ಆಯಿತು, ಮೂರು ಸಾಲು ಹೋಗಿ ಒಂದು ಬಾಗಿದ ಸಾಲಾಯಿತು.

ಅದರ ಅರ್ಧ ಭಾಗದ ಮಾಲೀಕತ್ವ ಒಂದು ಸಹಕಾರ ಸಂಘದ್ದು. 8 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿ ಷೇರು ತಗೊಂಡರು. ನಮ್ಮ ಹಾಲಿನ ಸೊಸೈಟಿ ಇದ್ದ ಹಾಗೆ ಅಂದುಕೊಳ್ಳಿ, ಹಾಲಿನ ಬದಲು ಗಾಳಿ. ಇವತ್ತು ಪ್ರವಾಸಿಗರು ಫೋಟೋ ತೆಗೆಯುವ ಆ ಬಿಲ್ಲು ಒಬ್ಬ ವಿನ್ಯಾಸಕಾರನ ಕಲ್ಪನೆಯಷ್ಟೇ ಅಲ್ಲ, ಜನರನ್ನು ಕೇಳಿದ್ದರ ಫಲ.

ಅದೇ ದೇಶದ ಸಾಮ್ಸೋ ಅನ್ನುವ ಪುಟ್ಟ ದ್ವೀಪದ್ದೂ ಇದೇ ಪಾಠ. ಅಲ್ಲಿನ ಜನಸಂಖ್ಯೆ 4 ಸಾವಿರದ ಆಸುಪಾಸು. 1997ರಲ್ಲಿ ನವೀಕರಿಸಬಹುದಾದ ಇಂಧನದ ಮಾದರಿ ದ್ವೀಪ ಅಂತ ಆಯ್ಕೆಯಾಯಿತು. ನೆಲದ ಮೇಲೆ 11, ಸಮುದ್ರದಲ್ಲಿ 10 ಯಂತ್ರ. ಮಾಲೀಕರು ಯಾರು? ಅಲ್ಲಿನ ರೈತರು, ಊರಿನವರ ಸಹಕಾರ ಸಂಘ, ಸ್ಥಳೀಯ ಆಡಳಿತ. ಅದನ್ನು ನೋಡೋಕೆ, ಕಲಿಯೋಕೆ ದೇಶವಿದೇಶಗಳಿಂದ ಜನ ಹೋಗ್ತಾರೆ. ಅವರು ನೋಡೋಕೆ ಹೋಗೋದು ಫ್ಯಾನನ್ನಲ್ಲ. ಫ್ಯಾನು ಎಲ್ಲ ಕಡೆ ಒಂದೇ ತರ ಇರುತ್ತೆ. ಊರೊಂದು ಅದನ್ನು ತನ್ನದಾಗಿಸಿಕೊಂಡದ್ದು ಹೇಗೆ ಅಂತ ನೋಡೋಕೆ.

ಟಿಕೆಟ್ಟೋ, ಪಾಲೋ?

ಈಗ ನಮ್ಮ ಗುಡ್ಡಕ್ಕೆ ವಾಪಸ್ ಬರೋಣ. ಒಂದು ಪಂಚಾಯಿತಿ ವ್ಯಾಪ್ತಿಯಲ್ಲಿ 2 ಮೆಗಾವ್ಯಾಟ್‌ನ 20 ಯಂತ್ರ ಇವೆ ಅಂದುಕೊಳ್ಳಿ. ಯೂನಿಟ್‌ಗೆ 3 ರೂಪಾಯಿ ಅಂತ ಹಿಡಿದರೆ ಒಂದು ಯಂತ್ರದ ವರ್ಷದ ವ್ಯಾಪಾರ ಸುಮಾರು ₹1.31 ಕೋಟಿ. 20 ಯಂತ್ರಕ್ಕೆ ₹26 ಕೋಟಿಗೂ ಹೆಚ್ಚು. ಅದರಲ್ಲಿ ಊರಿಗೆ ಶೇ 1 ಸಿಕ್ಕರೆ ₹26 ಲಕ್ಷ. ಪ್ರತಿ ವರ್ಷ.

ಅದೇ ₹26 ಲಕ್ಷವನ್ನು ಪ್ರವಾಸೋದ್ಯಮದಿಂದ ತರಬೇಕು ಅಂದರೆ? ತಲೆಗೆ ₹20 ಟಿಕೆಟ್ ಇಟ್ಟರೂ ವರ್ಷಕ್ಕೆ 1.3 ಲಕ್ಷ ಜನ ಬರಬೇಕು. ಅವರ ಕಾರು, ಬೈಕು, ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ಟು ಎಲ್ಲವೂ ಗುಡ್ಡ ಹತ್ತಬೇಕು. ಅದನ್ನೆಲ್ಲ ಎತ್ತೋ ಕೆಲಸ ಮತ್ತೆ ಪಂಚಾಯಿತಿಯದ್ದೇ.

ಲೆಕ್ಕ ಇಷ್ಟು ಸರಳ ಇರುವಾಗ ನಾವು ಪ್ರವಾಸೋದ್ಯಮದ ಬಗ್ಗೆಯೇ ಜಾಸ್ತಿ ಮಾತಾಡ್ತೀವಿ ಯಾಕೆ? ಯಾಕಂದ್ರೆ ಟಿಕೆಟ್ ದುಡ್ಡು ಹೊರಗಿನಿಂದ ಬರುತ್ತೆ, ಅದಕ್ಕೆ ಯಾರ ಲಾಭವನ್ನೂ ಮುಟ್ಟಬೇಕಿಲ್ಲ. ಪಾಲು ಕೇಳಬೇಕಾದರೆ ಯಾರದ್ದೋ ಲಾಭ ಮುಟ್ಟಬೇಕು.

'ಪಾಲು ಕೇಳಿದರೆ ಕರೆಂಟ್ ತುಟ್ಟಿಯಾಗುತ್ತೆ, ಹೂಡಿಕೆದಾರರು ಪಕ್ಕದ ರಾಜ್ಯಕ್ಕೆ ಓಡಿಹೋಗ್ತಾರೆ' ಅನ್ನೋ ವಾದ ಬರುತ್ತೆ. 3 ರೂಪಾಯಿಯ ಶೇ 1 ಅಂದರೆ ಯೂನಿಟ್‌ಗೆ 3 ಪೈಸೆ. 3 ಪೈಸೆಗೆ ಓಡಿಹೋಗೋ ಹೂಡಿಕೆ ಗಾಳಿ ಬೀಸದ ಜಾಗಕ್ಕೆ ಹೋಗಿ ಏನು ಮಾಡುತ್ತೆ? ಒಂದು ಮೀಟರ್ ಹೆಚ್ಚುವರಿ ವೇಗಕ್ಕೆ ಶೇ 73 ಹೆಚ್ಚು ಶಕ್ತಿ ಅಂತ ಆಗಲೇ ನೋಡಿದೆವಲ್ಲ, ಚೌಕಾಸಿ ಮಾಡೋ ಬಲ ಊರಿಗೆ ಬರೋದು ಆ ಗಾಳಿಯಿಂದಲೇ.

ಇದು ಎಲ್ಲೂ ಇಲ್ಲದ ಬೇಡಿಕೆಯೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ನೆಲದ ಮೇಲಿನ ಗಾಳಿ ಯೋಜನೆಗಳು ಪ್ರತಿ ಮೆಗಾವ್ಯಾಟ್‌ಗೆ ವರ್ಷಕ್ಕೆ 5,000 ಪೌಂಡ್ ಅಕ್ಕಪಕ್ಕದ ಸಮುದಾಯಕ್ಕೆ ಕೊಡಬೇಕು ಅಂತ ಅಲ್ಲಿನ ಸರ್ಕಾರದ ಮಾರ್ಗಸೂಚಿ ಹೇಳುತ್ತೆ. ಅದು ಕಡ್ಡಾಯ ಅಲ್ಲ, ಆದರೆ ರೂಢಿಯಾಗಿದೆ. ನಮ್ಮ 2 ಮೆಗಾವ್ಯಾಟ್ ಯಂತ್ರದ ಲೆಕ್ಕಕ್ಕೆ ತಂದರೆ ವರ್ಷಕ್ಕೆ ₹10 ಲಕ್ಷಕ್ಕೂ ಹೆಚ್ಚು. ನಾನು ಮೇಲೆ ಕೇಳಿದ್ದು ಯಂತ್ರಕ್ಕೆ ₹1.31 ಲಕ್ಷ ಮಾತ್ರ. ಡೆನ್ಮಾರ್ಕಿನಲ್ಲಿ 2009ರಿಂದ ಹೊಸ ಯೋಜನೆಗಳು ಕನಿಷ್ಠ ಶೇ 20 ಷೇರನ್ನು ಸ್ಥಳೀಯರಿಗೆ ಕೊಳ್ಳುವ ಅವಕಾಶ ಕೊಡಬೇಕು ಅಂತ ಕಾನೂನೇ ಇತ್ತು. 2020ರಲ್ಲಿ ಅದನ್ನು ಬದಲಿಸಿ, ಹತ್ತಿರದ ಮನೆಗಳಿಗೆ ಪ್ರತಿ ವರ್ಷ ನಗದು ಕೊಡುವ ವ್ಯವಸ್ಥೆ ತಂದರು.

ಗಾಳಿಗೆ ಪಹಣಿ ಇಲ್ಲ

ನಮ್ಮಲ್ಲಿ ದುಡ್ಡು ಯಾರಿಗೆ ಹೋಗುತ್ತೆ? ಯಂತ್ರ ನಿಲ್ಲಿಸೋ ಜಮೀನು ಯಾರದ್ದೋ ಅವರಿಗೆ. ಮಾರಾಟದ ಬೆಲೆ ಅಥವಾ ಗುತ್ತಿಗೆ. ಗಾಳಿಯಂತ್ರಕ್ಕೆ ಬೇಕಾಗೋದು ಕಂಬದ ತಳಪಾಯ, ಕ್ರೇನ್ ನಿಲ್ಲೋ ಜಾಗ, ದಾರಿ. ಸುತ್ತ ಉಳುಮೆ ಮಾಡಬಹುದು, ಅದು ನಿಜವಾದ ಅನುಕೂಲ. ಆದರೆ ಪಕ್ಕದ ಹೊಲದವರಿಗೆ? ಅವರ ಪಾಲಿಗೆ ಬರೋದು ಸದ್ದು, ತಿರುಗೋ ನೆರಳು, ಟ್ರೇಲರ್ ಎಬ್ಬಿಸೋ ಧೂಳು. ಅವರ ಹೊಲದ ಮೇಲೇ ಹಾದುಬಂದ ಗಾಳಿ ಪಕ್ಕದವರ ಕಂಬಕ್ಕೆ ಬಡಿದು ದುಡ್ಡಾಗುತ್ತೆ. ಭೂಮಿಗೆ ಪಹಣಿ ಇದೆ, ಗಾಳಿಗೆ ಇಲ್ಲ. ಜಮೀನೇ ಇಲ್ಲದ ಕುರಿ ಕಾಯುವವರು, ಕೂಲಿಯವರು ಈ ಲೆಕ್ಕದಲ್ಲಿ ಎಲ್ಲೂ ಬರೋದೇ ಇಲ್ಲ.

ಪಾವಗಡದಲ್ಲಿ ಇದನ್ನು ಈಗಾಗಲೇ ನೋಡಿದ್ದೀವಿ. 13,000 ಎಕರೆಯ ಸೌರ ಪಾರ್ಕ್, 2,050 ಮೆಗಾವ್ಯಾಟ್. ಜಮೀನನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ ₹21,000 ಗುತ್ತಿಗೆ ನಿಗದಿ ಮಾಡಿ ಶುರು ಮಾಡಿದ್ದು ಒಳ್ಳೆಯ ಹೆಜ್ಜೆ. ಬರದ ಸೀಮೆಯ ರೈತರಿಗೆ ಅದು ಖಾತ್ರಿ ಆದಾಯ. ಆದರೆ ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು, ಕುರಿ, ದನಗಳಿಗೆ ಮೇವಿನ ಜಾಗ ಹೋಯಿತು. ಅವರ ಹೆಸರಿಗೆ ಎಕರೆ ಇಲ್ಲ, ಹಾಗಾಗಿ ಗುತ್ತಿಗೆಯೂ ಇಲ್ಲ. ಪಾಲು ಪಹಣಿಗೆ ಮಾತ್ರ ಅಂತಾದರೆ ಹಸಿರು ಇಂಧನವೂ ಹಳೆಯ ಅಸಮಾನತೆಯನ್ನೇ ಗಟ್ಟಿ ಮಾಡುತ್ತೆ. ಪಾಲು ಪಂಚಾಯಿತಿಗೆ ಬರಬೇಕು ಅನ್ನೋದು ಅದಕ್ಕೇ.

ಇನ್ನು ಊರನ್ನು ಕೇಳೋ ವಿಚಾರ. ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆಗಳಿಗೆ ಪರಿಸರ ಅನುಮತಿ ಕೊಡೋ ಮೊದಲು ಸಾರ್ವಜನಿಕ ಅಹವಾಲು ನಡೆಸುವ ಪದ್ಧತಿ ಇದೆ. ಅದು ಎಷ್ಟು ಚೆನ್ನಾಗಿ ನಡೆಯುತ್ತೆ ಅನ್ನೋದು ಬೇರೆ ಮಾತು. ಗಾಳಿ ವಿದ್ಯುತ್ ಯೋಜನೆಗಳು ಮಾತ್ರ 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಅರಣ್ಯ ಭೂಮಿಯಾದರೆ ಅರಣ್ಯ ಕಾಯ್ದೆಯ ಅನುಮತಿ ಬೇಕು, ಉಳಿದಂತೆ ಆ ಅಧ್ಯಯನವೂ ಇಲ್ಲ, ಅದರ ಭಾಗವಾದ ಅಹವಾಲೂ ಇಲ್ಲ. ಹೊಗೆ ಉಗುಳದ ಉದ್ಯಮ, ಬೇಗ ಬೆಳೆಯಲಿ ಅನ್ನೋ ಉದ್ದೇಶ ಅರ್ಥ ಆಗುತ್ತೆ. ಆದರೆ ಕೋಪನ್‌ಹೇಗನ್ನಿನ ಬಿಲ್ಲು ಹುಟ್ಟಿದ್ದೇ ಅಹವಾಲಿನಲ್ಲಿ. ನಮ್ಮ ಗುಡ್ಡದ ಸಾಲು ಹೇಗಿರಬೇಕು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ಈಗ 'ಬಂದು ನೋಡಿ, ಚಂದ ಇದೆ' ಅಂತ ಕರೀತಿದ್ದೇವೆ.

ಗುಡ್ಡಕ್ಕೆ ಇನ್ನೂ ನಿವಾಸಿಗಳಿದ್ದಾರೆ

ಚಾಲ್ಕೇವಾಡಿ ಪ್ರಸ್ಥಭೂಮಿಯ ಹೆಸರು ಆಗಲೇ ಬಂತಲ್ಲ, ಅಲ್ಲಿ ನಡೆದ ಒಂದು ಅಧ್ಯಯನ ಇಲ್ಲಿ ಮುಖ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದು. ಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳ ಸಂಖ್ಯೆ, ಯಂತ್ರ ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಇತ್ತು. ಹದ್ದು, ಗಿಡುಗಗಳ ಭಯ ಇಲ್ಲದೆ ಅಲ್ಲಿನ ಓತಿಕ್ಯಾತಗಳು ಹೆಚ್ಚಾಗಿದ್ದವು. ಸಂಖ್ಯೆಯಷ್ಟೇ ಅಲ್ಲ, ಅವುಗಳ ನಡವಳಿಕೆಯೇ ಬದಲಾಗಿತ್ತು. ಒತ್ತಡದ ಹಾರ್ಮೋನು ಕಡಿಮೆ, ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ, ಮೈ ಮಾತ್ರ ಬಡಕಲು. ಅಂದರೆ ಗಾಳಿಯಂತ್ರ ಅಲ್ಲಿ ಎಲ್ಲಕ್ಕಿಂತ ಮೇಲಿನ ಬೇಟೆಗಾರನ ಜಾಗದಲ್ಲಿ ಕೂತ ಹಾಗಾಗಿತ್ತು. 280 ಕಿ.ಮೀ. ವೇಗದ ರೆಕ್ಕೆತುದಿ ನೆನಪಿದೆಯಲ್ಲ? ಬೇಟೆ ಹಕ್ಕಿ ಅದಕ್ಕೆ ಬಡಿದು ಸಾಯಲೇಬೇಕಿಲ್ಲ, ಜಾಗ ಬಿಟ್ಟು ಹೋದರೂ ಕೆಳಗಿನ ಲೋಕ ಬದಲಾಗುತ್ತೆ.

ನಮ್ಮ ಗದಗಿನ ಕಪ್ಪತಗುಡ್ಡದ ಕಥೆ ನಿಮಗೆ ಗೊತ್ತೇ ಇದೆ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ, ಗಣಿಗಾರಿಕೆಯ ಕಣ್ಣು ಬಿದ್ದ ಗುಡ್ಡ. 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಸರ್ಕಾರ 2016ರಲ್ಲಿ ಹಿಂಪಡೆದಾಗ, ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಜನ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿತು, 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮ ಆಯಿತು. ಆ ಗುಡ್ಡಸಾಲಿನಲ್ಲೂ ಗಾಳಿಯಂತ್ರಗಳಿವೆ. ಚಿತ್ರದುರ್ಗದ ಜೋಗಿಮಟ್ಟಿಯೂ ಅರಣ್ಯವೇ.

ಗಣಿಯನ್ನೂ ಗಾಳಿಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಗಣಿ ಗುಡ್ಡವನ್ನೇ ತಿಂದುಬಿಡುತ್ತೆ, ಗಾಳಿಯಂತ್ರ ಹಾಗಲ್ಲ. ಆದರೆ ಅದಕ್ಕೆ ಬೇಕಾದ ರಸ್ತೆ ಗುಡ್ಡದ ಏಣನ್ನು ಕಡಿಯುತ್ತೆ, ಮಣ್ಣು ಸಡಿಲ ಆಗುತ್ತೆ, ಮೊದಲು ಜನ ಹೋಗದಿದ್ದ ಕಡೆ ಜನ ಹೋಗೋಕೆ ದಾರಿಯಾಗುತ್ತೆ. ಆ ದಾರಿಗೆ ಈಗ ಪ್ರವಾಸೋದ್ಯಮವನ್ನೂ ಹತ್ತಿಸಿದರೆ ಯಂತ್ರ ಮಾಡದ ಹಾನಿಯನ್ನು ನಾವು ಮಾಡ್ತೀವಿ. ಬೇಸಿಗೆಯ ಒಣಹುಲ್ಲಿನ ಗುಡ್ಡದಲ್ಲಿ ಒಂದು ಬೀಡಿ ತುಂಡು ಸಾಕು.

ಹಾಗಾದರೆ ಏನು ಕೇಳಬೇಕು?

ಮೊದಲನೆಯದು, ಹೊಸ ಗುಡ್ಡಕ್ಕೆ ಕೈ ಹಾಕೋ ಮೊದಲು ಹಳೆಯ ಯಂತ್ರ ಬದಲಿಸಿ. ಗಾಳಿ ಚೆನ್ನಾಗಿರೋ ಗುಡ್ಡಗಳನ್ನು ಮೊದಲು ಬಂದವರೇ ಹಿಡಿದಿದ್ದಾರೆ, ಅಲ್ಲಿ ಈಗಲೂ ಹಳೆಯ ಕಾಲದ ಸಣ್ಣ ಯಂತ್ರಗಳು ನಿಂತಿವೆ. ಅವುಗಳ ಜಾಗದಲ್ಲಿ ಕಡಿಮೆ ಸಂಖ್ಯೆಯ ದೊಡ್ಡ ಯಂತ್ರ ಹಾಕಿದರೆ ವಿದ್ಯುತ್ ಹೆಚ್ಚು, ಕಂಬ ಕಡಿಮೆ. ಇದಕ್ಕೆ ಅಂತಲೇ ಕೇಂದ್ರ ಸರ್ಕಾರ 2023ರಲ್ಲಿ ನೀತಿಯನ್ನೂ ತಂದಿದೆ.

ಎರಡನೆಯದು, ಯೋಜನೆಗೆ ಮೊದಲು ಗ್ರಾಮಸಭೆ. ಕಾನೂನು ಕಡ್ಡಾಯ ಮಾಡಿಲ್ಲ ಅಂದಮಾತ್ರಕ್ಕೆ ಮಾಡಬಾರದು ಅಂತೇನಿಲ್ಲ. ಯಂತ್ರ ಎಲ್ಲಿ, ದಾರಿ ಎಲ್ಲಿ, ಕುರಿ ಮೇಯೋ ಜಾಗ ಎಲ್ಲಿ ಅಂತ ನಕ್ಷೆ ಹಾಕಿ ತೋರಿಸಲಿ.

ಮೂರನೆಯದು, ಉತ್ಪಾದನೆಯ ಮೇಲೆ ಊರಿಗೆ ಪಾಲು. ದೇವಸ್ಥಾನಕ್ಕೆ ಬಣ್ಣ, ಶಾಲೆಗೆ ಬ್ಯಾಗು ಅಂತ ಕಂಪನಿ ಮನಸ್ಸು ಬಂದಾಗ ಕೊಡೋ ದಾನ ಅಲ್ಲ. ಯೂನಿಟ್‌ಗೆ ಇಷ್ಟು ಪೈಸೆ ಅಂತ ಬರವಣಿಗೆಯಲ್ಲಿ, ಪಂಚಾಯಿತಿ ಖಾತೆಗೆ.

ಪ್ರವಾಸೋದ್ಯಮ ನಾಲ್ಕನೆಯದು. ಬೇಡ ಅಂತಲ್ಲ, ಜಾಗ ಸರಿ ಇರಲಿ. ವನ್ಯಜೀವಿಧಾಮದ ನೆತ್ತಿಯ ಮೇಲೆ ಬೇಡ, ಹೊಲಗಳ ನಡುವೆ ಈಗಾಗಲೇ ಇರುವ ಯಂತ್ರಗಳ ಹತ್ತಿರ, ಹೆದ್ದಾರಿ ಪಕ್ಕ ಇರಲಿ. ಕೋಟೆಗೆ ಬಂದ ಶಾಲಾ ಪ್ರವಾಸದ ಬಸ್ಸು ಅರ್ಧ ಗಂಟೆ ಅಲ್ಲಿ ನಿಲ್ಲಲಿ. ಊರಿನ ಹುಡುಗ ಹುಡುಗಿಯರೇ ನಿಂತು ವಿವರಿಸಲಿ, ಆ ಕೆಲಸಕ್ಕೆ ಸಂಬಳ ಸಿಗಲಿ. ಟೀ ಅಂಗಡಿ ಆ ಅಣ್ಣನದ್ದೇ ಇರಲಿ. ಜೊತೆಗೆ ಅಲ್ಲೊಂದು ಬೋರ್ಡ್ ಇರಲಿ. ಈ ಯಂತ್ರಗಳು ಇವತ್ತು ಎಷ್ಟು ಯೂನಿಟ್ ಕೊಟ್ಟವು, ಈ ವರ್ಷ ಎಷ್ಟು ಕೊಟ್ಟವು, ಅದರಲ್ಲಿ ಈ ಊರಿಗೆ ಎಷ್ಟು ಬಂತು ಅಂತ. ಮೀಟರ್ ಹೇಗೂ ಲೆಕ್ಕ ಇಡುತ್ತೆ, ಅದನ್ನು ಜನರ ಕಡೆ ತಿರುಗಿಸಿದರೆ ಆಯಿತು.

ಇಂಥ ಬೋರ್ಡ್ ಬರೋವರೆಗೆ ನಮ್ಮ ಕೈಯಲ್ಲಿ ಮಾಹಿತಿ ಹಕ್ಕು ಇದೆ, ಗ್ರಾಮಸಭೆ ಇದೆ. ನಿಮ್ಮೂರಲ್ಲಿ ಫ್ಯಾನ್‌ಗಳಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ಇವುಗಳಿಂದ ಪಂಚಾಯಿತಿಗೆ ಎಷ್ಟು ರೂಪಾಯಿ ಬಂತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಮುಂದಿನ ಸಲ ಹಿರಿಯೂರು ದಾಟಿ ಮೊಬೈಲ್ ತೆಗೆದಾಗ ಫೋಟೋ ಹೊಡೀರಿ, ತಪ್ಪೇನಿಲ್ಲ. ಗುಡ್ಡದ ಮೇಲೆ ತಿರುಗುತ್ತಿರೋದು ಒಳ್ಳೆಯದೇ. ಆದರೆ ಫೋಟೋದ ಕೆಳಗಿನ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ, ಒಂದಿಷ್ಟು ಹೆಂಚಿನ ಮನೆಗಳು ಕಾಣ್ತವೆ. ಅವು ಕಾಣೋ ಹಾಗೆ ಫ್ರೇಮ್ ಇಡಿ.